ಎಸ್‌ಬಿಆರ್‌ಟಿಗೆ ಮುಂಚೆಯೇ ಡಿ12ಗೆ ಸಿಮೆಂಟ್ ಹಾಕಿಸಬೇಕಾ?

ಬೆನ್ನುಹುರಿ_ಪ್ರಶ್ನೆ:
61 ವರ್ಷದ ಮಹಿಳೆ, ಸ್ತನ ಕ್ಯಾನ್ಸರ್ ಡಿ12ಗೆ (ಎದೆಭಾಗದ ಕೊನೆಯ ಬೆನ್ನುಮೂಳೆ) ಹರಡಿದೆ. ಸಿಟಿಯಲ್ಲಿ ಮೂಳೆ ಕರಗಿದೆ, ಎತ್ತರ ಸುಮಾರು 20% ಕುಸಿದಿದೆ, ಅದರ ಹಿಂಭಾಗವನ್ನ ಜೋಡಿಸೋ ಬಲ ಪೆಡಿಕಲ್‌ಗೂ ಹಬ್ಬಿದೆ. ಬೆನ್ನು ಬಾಗಿಲ್ಲ. ಮಲಗಿದರೆ ನೋವಿಲ್ಲ, ಎದ್ದು ಕೂತರೆ ತಡೆಯೋಕಾಗಲ್ಲ. ಎಸ್‌ಬಿಆರ್‌ಟಿ (ಗಡ್ಡೆಗೇ ಗುರಿಯಿಟ್ಟು ಕೆಲವೇ ಸಲಕ್ಕೆ ಕೊಡೋ ಭಾರಿ ಡೋಸ್ ರೇಡಿಯೇಷನ್) ಮಾಡಿಸಬೇಕಂತೆ. ಒಬ್ಬ ವೈದ್ಯರು ಒಂದೇ ಸಲಕ್ಕೆ 24 ಗ್ರೇ (ರೇಡಿಯೇಷನ್ ಡೋಸ್‌ನ ಅಳತೆ) ಅಂತಾರೆ, ಇನ್ನೊಬ್ಬರು ಎರಡು ಸಲಕ್ಕೆ 24. ಒಟ್ಟು ಅಷ್ಟೇ ತಾನೆ? ಮೂಳೆ ಮುರಿಯೋ ಅಪಾಯದಲ್ಲಿ ವ್ಯತ್ಯಾಸ ಇದೆಯಾ?

ಗ್ರೇ_ಲೆಕ್ಕ:
ಇದೆ, ಸಣ್ಣದೇನಲ್ಲ. ಒಟ್ಟು ಡೋಸ್‌ಗಿಂತ ಒಂದು ಸಲಕ್ಕೆ ಎಷ್ಟು ಅನ್ನೋದೇ ಇಲ್ಲಿ ಮುಖ್ಯ. 2013ರಲ್ಲಿ ಬಂದ, 252 ರೋಗಿಗಳ 410 ಕಶೇರುಕಗಳ (ಬೆನ್ನುಮೂಳೆಯ ತುಂಡುಗಳ) ಅಧ್ಯಯನದಲ್ಲಿ ಒಟ್ಟಾರೆ 14% ಮುರಿದವು. ಸಲಕ್ಕೆ 24 ಗ್ರೇ ಅಥವಾ ಹೆಚ್ಚು ಕೊಟ್ಟಲ್ಲಿ ಅಪಾಯ 39%, 20–23ರಲ್ಲಿ 23%, 19 ಅಥವಾ ಕಡಿಮೆ ಇದ್ದಲ್ಲಿ 10%. ನಿಮ್ಮ 12+12 ಕೊನೆಯ ಗುಂಪಿಗೆ ಬರುತ್ತೆ. ಭಾರಿ ಡೋಸ್ ಮೂಳೆಯ ಕೊಲಾಜನ್ ಮತ್ತು ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತೆ. ಗಡ್ಡೆ ಬೇಗ ಕರಗುತ್ತೆ, ಆ ಜಾಗಕ್ಕೆ ಹೊಸ ಮೂಳೆ ಬರೋದು ನಿಧಾನ. ಅದಕ್ಕೇ ಮುರಿತಗಳಲ್ಲಿ ಅರ್ಧದಷ್ಟು ಮೊದಲ ಎರಡೂವರೆ ತಿಂಗಳಲ್ಲೇ ಕಾಣಿಸಿಕೊಂಡವು.

ಮೂಳೆ_ಮೇಷ್ಟ್ರು:
ಡೋಸ್ ಆಮೇಲೆ. ಮೊದಲು ಸಿನ್ಸ್ (ಬೆನ್ನುಮೂಳೆ ಎಷ್ಟು ಅಸ್ಥಿರ ಅಂತ ಅಳೆಯೋ) ಸ್ಕೋರ್ ಹಾಕಿ. ಡಿ12 ಎದೆ-ಸೊಂಟದ ಬೆನ್ನು ಕೂಡೋ ಜಾಗ: 3. ಎದ್ದರೆ ನೋವು, ಮಲಗಿದರೆ ಆರಾಮ: 3. ಕರಗಿದ ಮೂಳೆ: 2. ಜೋಡಣೆ ಸರಿ: 0. ಅರ್ಧಕ್ಕಿಂತ ಕಡಿಮೆ ಕುಸಿತ: 2. ಒಂದೇ ಪಕ್ಕದ ಪೆಡಿಕಲ್: 1. ಒಟ್ಟು 11. 7ರಿಂದ 12 ಅಂದರೆ ಅಸ್ಥಿರವಾಗಬಹುದು ಅಂತ. ಹಾಗಾಗಿ ರೇಡಿಯೇಷನ್ ಶುರುವಾಗೋ ಮುಂಚೆಯೇ ಸ್ಪೈನ್ ಸರ್ಜನ್ ನೋಡಲೇಬೇಕು. ಎದ್ದಾಗ ಬರುವ ಈ ನೋವನ್ನ ರೇಡಿಯೇಷನ್ ಅಷ್ಟಾಗಿ ಇಳಿಸಲ್ಲ, ಸೋತ ಮೂಳೆಗೆ ಆಧಾರ ಬೇಕು, ಅದಕ್ಕೇ ಒಳಗೆ ಸಿಮೆಂಟ್ ತುಂಬಿ ಗಟ್ಟಿ ಮಾಡೋದು. ಮೂಳೆಯ ಹಿಂಬದಿ ಗೋಡೆ ಒಡೆದಿದ್ದರೆ ಸಿಮೆಂಟ್ ಬೆನ್ನುಹುರಿಯ ಕಡೆ ಸೋರಬಹುದು, ಆಗ ಸ್ಕ್ರೂ-ರಾಡ್ ಯೋಚಿಸ್ತಾರೆ. ಸಿಮೆಂಟ್ ಹಾಕಿದ್ರೆ ರೇಡಿಯೇಷನ್ ಪ್ಲಾನಿಂಗ್ ಸಿಟಿ ಅದಾದ ಮೇಲೆಯೇ ಆಗಲಿ. ಹಳೇ ಸ್ಕ್ಯಾನ್ ಮೇಲೆ ಪ್ಲಾನ್ ಬೇಡ.

ಫಾಲೋಅಪ್_ಪುಟ್ಟ:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಎಸ್‌ಬಿಆರ್‌ಟಿ ಅಂದ್ರೇನೇ ಹೆದರಬೇಡಿ. 2021ರ ಎಸ್‌ಸಿ.24 ಟ್ರಯಲ್‌ನಲ್ಲಿ ಎರಡು ಸಲದ 24 ಗ್ರೇ ಗುಂಪಿನಲ್ಲಿ ಮುರಿತ 11%, ಐದು ಸಲದ ಮಾಮೂಲಿ 20 ಗ್ರೇ ಗುಂಪಿನಲ್ಲಿ 17%. ಸಿನ್ಸ್ 12 ದಾಟಿದವರನ್ನ ಅದರಲ್ಲಿ ಸೇರಿಸಿರಲಿಲ್ಲ, ಅದನ್ನೂ ಗಮನಿಸಿ.

ಮೂಳೆ ಗಟ್ಟಿಯಾಗಿಡೋ ಝೊಲೆಡ್ರೊನಿಕ್ ಆಸಿಡ್ ಅಥವಾ ಡೆನೊಸುಮ್ಯಾಬ್ ಕೊಡ್ತಾರಾ ಕೇಳಿ. ಶುರು ಮಾಡೋ ಮೊದಲು ಹಲ್ಲು ತೋರಿಸಿ, ಕೀಳಿಸೋದಿದ್ರೆ ಆಗಲೇ ಕೀಳಿಸಿ, ಇಲ್ಲಾಂದ್ರೆ ದವಡೆ ಮೂಳೆ ಕೊಳೆಯೋ ಭಯ. ವಿಟಮಿನ್ ಡಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಕೂಡ ನೋಡಿಸಿ. ಎಂಆರ್‌ಐ ಮೊದಲ ವರ್ಷ 2–3 ತಿಂಗಳಿಗೊಮ್ಮೆ.

ರೇಡಿಯೇಷನ್ ಆದ ಮೊದಲ ಕೆಲವು ದಿನ ನೋವು ಕೆರಳಿದರೆ ಅದು ಬಹುತೇಕ ಫ್ಲೇರ್ (ತಾತ್ಕಾಲಿಕ ಕೆರಳಿಕೆ), ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್‌ಗೆ ಬಗ್ಗುತ್ತೆ. ವಾರಗಳ ನಂತರ ನಿಂತಾಗ ಹೊಸದಾಗಿ ಚುಚ್ಚಿದ್ರೆ ಸಿಟಿ ಮಾಡಿಸಿ.

ಬೆನ್ನುಹುರಿ_ಪ್ರಶ್ನೆ:
ಹಿಂಬದಿ ಗೋಡೆ ಸರಿಯಿದೆ ಅಂತ ರಿಪೋರ್ಟ್‌ನಲ್ಲಿದೆ. ಸರ್ಜನ್ ನೋಡೋಕೆ ಒಂದು ವಾರ ಆಗುತ್ತೆ, ಅಲ್ಲೀತನಕ?

ಮೂಳೆ_ಮೇಷ್ಟ್ರು:
ಭಾರ ಎತ್ತೋದು, ಮುಂದಕ್ಕೆ ಬಗ್ಗೋದು ಬೇಡ. ಬೆಲ್ಟ್ ಬೇಕಾ ಅಂತ ವೈದ್ಯರನ್ನೇ ಕೇಳಿ. ಕಾಲು ಸೋತರೆ, ಮೂತ್ರ ಕಟ್ಟಿದರೆ, ತೊಡೆಸಂದಿ ಜೋಮು ಹಿಡಿದರೆ ಆ ವಾರ ಕಾಯಬೇಡಿ. ಅವತ್ತೇ ಎಮರ್ಜೆನ್ಸಿಗೆ ಹೋಗಿ ಇಡೀ ಬೆನ್ನಿನ ಎಂಆರ್‌ಐ ಮಾಡಿಸಿ.