ಬೀದರಿನ ಥಂಡಿಗೆ ಡೀಸೆಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ, ಬ್ಯಾಟರಿ ಬದಲಾಯಿಸಿದರೂ ಅದೇ ಗೋಳು

ನೌಬಾದ್ ನಿವಾಸಿ:

ಎಲ್ಲರಿಗೂ ಶರಣು. ನನ್ನದು 2013ರ ಡೀಸೆಲ್ ಹ್ಯಾಚ್‌ಬ್ಯಾಕ್. 1.3 ಲೀಟರ್ ಕಾಮನ್ ರೈಲ್ ಇಂಜಿನ್ (ಒಂದೇ ಒತ್ತಡದ ಪೈಪಿನಿಂದ ಎಲ್ಲ ಸಿಲಿಂಡರಿಗೂ ಡೀಸೆಲ್ ಹಂಚುವಂಥದ್ದು), ಓಡಿರುವುದು 1,38,000 ಕಿಲೋಮೀಟರ್. ಮನೆ ಬೀದರಿನ ನೌಬಾದ್‌ನಲ್ಲಿ. ಶೆಡ್ ಇಲ್ಲ, ಕಾರು ರಾತ್ರಿಯೆಲ್ಲ ಬಯಲಲ್ಲೇ ನಿಲ್ಲುತ್ತದೆ. ದೀಪಾವಳಿಯವರೆಗೆ ಯಾವ ತೊಂದರೆಯೂ ಇರಲಿಲ್ಲ. ಡಿಸೆಂಬರ್ ಎರಡನೇ ವಾರದಿಂದ ಬೆಳಿಗ್ಗೆ ಆರೂವರೆಗೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಲೇ ಇರುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಹತ್ತು ಸೆಕೆಂಡು ಹೊಡೆದು, ಬಿಟ್ಟು, ಮತ್ತೆ ಹತ್ತು ಸೆಕೆಂಡು ಹೊಡೆಯುತ್ತೇನೆ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಗಡಗಡ ನಡುಗುತ್ತ ಏಳುತ್ತದೆ. ಎರಡು ನಿಮಿಷ ಕಳೆದರೆ ಸರಿಹೋಗುತ್ತದೆ. ಮಧ್ಯಾಹ್ನವಾದರೆ ಕೀ ಮುಟ್ಟಿದರೆ ಸಾಕು, ಸ್ಟಾರ್ಟ್.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಬ್ಯಾಟರಿ ಹೋಗಿದೆ ಎಂದರು. 6,200 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಮರುದಿನವೂ ಅದೇ ಕಥೆ. ಈಗ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಹೈದರಾಬಾದಿಗೆ ಕಳಿಸಬೇಕು ಎನ್ನುತ್ತಿದ್ದಾರೆ. ಆ ಖರ್ಚು ಕೇಳಿ ಎದೆ ಧಸಕ್ಕೆಂದಿತು. ಪಕ್ಕದ ಮನೆಯ ಕಾಕಾ, ಡೀಸೆಲ್ ಥಂಡಿಗೆ ಹೆಪ್ಪುಗಟ್ಟುತ್ತದೆ, ಟ್ಯಾಂಕಿಗೆ ಒಂದು ಲೀಟರ್ ಸೀಮೆಎಣ್ಣೆ ಹಾಕು ಎನ್ನುತ್ತಾರೆ. ನನ್ನ ತಾಯಿಗೆ ವಾರದಲ್ಲಿ ಎರಡು ದಿನ ಬೆಳಿಗ್ಗೆ ಏಳಕ್ಕೆ ಡಯಾಲಿಸಿಸ್ ಇದೆ. ಶಾಲು ಹೊದ್ದುಕೊಂಡು ಅವರು ಮೆಟ್ಟಿಲ ಮೇಲೆ ಕುಳಿತು ಕಾಯುವುದನ್ನು ನೋಡಲಾಗುತ್ತಿಲ್ಲ. ತಿಳಿದವರು ದಾರಿ ತೋರಿಸಿ.

ಹುಮನಾಬಾದ್ ಡೀಸೆಲ್:

ಶರಣಾರ್ಥಿ. ಇಂಜೆಕ್ಟರ್ ಬಿಚ್ಚಿಸಬೇಡಿ, ಸೀಮೆಎಣ್ಣೆಯನ್ನಂತೂ ಹಾಕಲೇಬೇಡಿ. ಹುಮನಾಬಾದಿನಲ್ಲಿ ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಪಕ್ಕದಲ್ಲಿ ಇಪ್ಪತ್ತೆರಡು ವರ್ಷದಿಂದ ಡೀಸೆಲ್ ಗಾಡಿಗಳನ್ನೇ ನೋಡುತ್ತಿದ್ದೇನೆ. ಥಂಡಿ ದಿನಗಳಲ್ಲಿ ಬರುವ ಇಂತಹ ಗಾಡಿಯ ಮಾಲೀಕರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ಸೆಲ್ಫ್ ಹೊಡೆಯುತ್ತಿರುವಾಗ, ಇಂಜಿನ್ ಇನ್ನೂ ಹಿಡಿಯದೇ ಇರುವಾಗ, ಸೈಲೆನ್ಸರ್‌ನಿಂದ ಹೊಗೆ ಬರುತ್ತದೆಯೇ?

ನಾಳೆ ಬೆಳಿಗ್ಗೆ ಮನೆಯವರೊಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ. ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಎಂದು ಅರ್ಥ. ಆ ಹೊಗೆ ಸುಡದೆ ಹೊರಬಿದ್ದ ಡೀಸೆಲ್ಲಿನ ಆವಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ. ಇವೆರಡೂ ಬೇರೆ ಬೇರೆ ರೋಗ, ಮದ್ದೂ ಬೇರೆ. ಇದನ್ನು ನೋಡದೆ ಬ್ಯಾಟರಿ ಮಾರಿದವರ ಮೇಲೆ ನನಗೆ ಸಿಟ್ಟಿದೆ.

ಸೀಮೆಎಣ್ಣೆಯ ವಿಚಾರ: ಬೀದರಿನಲ್ಲಿ ಪಾರ ಹತ್ತು ಡಿಗ್ರಿಯ ಕೆಳಗೆ ಇಳಿಯುವುದುಂಟು, ನಿಜ. ಆದರೆ ಆ ಚಳಿಗೆ ನಮ್ಮ ಪಂಪಿನ ಡೀಸೆಲ್ ಗಟ್ಟಿಯಾಗಿ ಗಾಡಿ ನಿಂತದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಅದು ಲಡಾಖಿನ ತೊಂದರೆ. ಅಲ್ಲಿಗೆಂದೇ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಚಳಿಗಾಲದ ಡೀಸೆಲ್ ತಂದರು. ಡೀಸೆಲ್ಲಿನ ಮೇಣ ಫಿಲ್ಟರಿಗೆ ಕಟ್ಟಿಕೊಂಡರೆ ಗಾಡಿ ಸಾಮಾನ್ಯವಾಗಿ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಓಡಿ, ಉಸಿರುಕಟ್ಟಿ ನಿಲ್ಲುತ್ತದೆ. ನಿಮ್ಮದು ಅದಕ್ಕೆ ಉಲ್ಟಾ. ಮೇಲಾಗಿ ನಿಮ್ಮ ಹೈ ಪ್ರೆಶರ್ ಪಂಪಿಗೆ ಬೇರೆ ಆಯಿಲ್ ಇಲ್ಲ, ಒಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಜಿಡ್ಡು. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಡಿಮೆ. ಹಳೆಯ ಟ್ರ್ಯಾಕ್ಟರ್ ತಡೆದುಕೊಂಡೀತು, ಕಾಮನ್ ರೈಲ್ ಪಂಪ್ ತಡೆದುಕೊಳ್ಳುವುದಿಲ್ಲ.

ನೌಬಾದ್ ನಿವಾಸಿ:

ಇಂದು ತಮ್ಮನನ್ನು ಹಿಂದೆ ನಿಲ್ಲಿಸಿ ನೋಡಿದೆ. ಎರಡನೇ ಸಲ ಸೆಲ್ಫ್ ಹೊಡೆಯುವಾಗಲೇ ಬಿಳಿ ಹೊಗೆ ಮೋಡದಂತೆ ಬಂತು. ಹಸಿ ಡೀಸೆಲ್ ವಾಸನೆ, ಅವನ ಕಣ್ಣಲ್ಲಿ ನೀರು. ಇಂಜಿನ್ ಎದ್ದ ಮೇಲೂ ಒಂದು ನಿಮಿಷ ಹೊಗೆ ಇತ್ತು, ಆಮೇಲೆ ನಿಂತಿತು. ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಎಳೆಯುವುದಿಲ್ಲ.

ಭಾಲ್ಕಿ ರೈತ:

ನಡುವೆ ಒಂದು ಮಾತು. ಕಳೆದ ವರ್ಷ ನನ್ನ ಪಿಕಪ್ ಕೂಡ ಥಂಡಿ ಶುರುವಾದ ಕೂಡಲೇ ಹೀಗೆಯೇ ಮಾಡಿತು. ನೋಡಿದರೆ ಏರ್ ಹಿಡಿಯುತ್ತಿತ್ತು, ಅಂದರೆ ಡೀಸೆಲ್ ಪೈಪಿಗೆ ಗಾಳಿ ಸೇರುತ್ತಿತ್ತು. ಫಿಲ್ಟರ್ ಬದಲಾಯಿಸುವಾಗ ರಬ್ಬರ್ ವಾಷರ್ ಸರಿಯಾಗಿ ಕೂತಿರಲಿಲ್ಲ. ಬಿಸಿಲಲ್ಲಿ ರಬ್ಬರ್ ಮೆತ್ತಗಿದ್ದು ಮುಚ್ಚಿಕೊಳ್ಳುತ್ತಿತ್ತು, ಚಳಿಗೆ ಬಿರುಸಾಗಿ ಗಾಳಿ ಬಿಡುತ್ತಿತ್ತು. ರಾತ್ರಿ ಪೈಪಿನ ಡೀಸೆಲ್ಲೆಲ್ಲ ಟ್ಯಾಂಕಿಗೆ ವಾಪಸ್. ರಾತ್ರಿ ಗಾಡಿಯನ್ನು ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ ನೋಡಿ. ಟ್ಯಾಂಕು ಮೇಲಾಗಿ ಇಂಜಿನ್ ಕೆಳಗಾದರೆ ಡೀಸೆಲ್ ಹಿಂದೆ ಸರಿಯುವುದಿಲ್ಲ. ಬೆಳಿಗ್ಗೆ ಒಂದೇ ಸಲಕ್ಕೆ ಎದ್ದರೆ ರೋಗ ಸಿಕ್ಕಿತು.

ಹುಮನಾಬಾದ್ ಡೀಸೆಲ್:

ರೈತಣ್ಣ ಹೇಳಿದ್ದು ಅಪ್ಪಟ ಅನುಭವದ ಮಾತು. ಮೂತಿ ಕೆಳಗೆ ನಿಲ್ಲಿಸುವ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಹೊಗೆ ಬಾರದ ಗಾಡಿಗಳಿಗೆ ನಾನೂ ಮೊದಲು ಅದನ್ನೇ ಹೇಳುತ್ತೇನೆ. ಏರ್ ಹಿಡಿದ ಗಾಡಿಯಲ್ಲಿ ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಒಣಗಿರುತ್ತದೆ, ಆಮೇಲೆ ಡೀಸೆಲ್ ತಲುಪಿದ ಕೂಡಲೇ ತಟ್ಟನೆ ಎದ್ದುಬಿಡುತ್ತದೆ. ಇವರ ಕಾರಿನಲ್ಲಿ ಬಿಳಿ ಹೊಗೆ ಮೋಡದಂತೆ ಬಂದಿದೆ. ಅಂದರೆ ಇಂಜೆಕ್ಟರ್‌ಗಳು ಡೀಸೆಲ್ ಚಿಮ್ಮಿಸುತ್ತಿವೆ. ಕಾಮನ್ ರೈಲ್ ಪೈಪಿನಲ್ಲಿ ಸಾಕಷ್ಟು ಒತ್ತಡ ಕೂಡದಿದ್ದರೆ ಕಾರಿನ ಕಂಪ್ಯೂಟರ್ ಅವುಗಳನ್ನು ತೆರೆಯುವುದೇ ಇಲ್ಲ, ಆಗ ಹೊಗೆ ಎಲ್ಲಿಂದ ಬರಬೇಕು? ಆದ್ದರಿಂದ ಹೈದರಾಬಾದಿನ ದಾರಿ ಬಿಡಿ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ಥಂಡಿಯಲ್ಲಿ ಆ ಶಾಖವನ್ನು ಸಿಲಿಂಡರಿನ ತಣ್ಣನೆಯ ಲೋಹವೇ ಕುಡಿದುಬಿಡುತ್ತದೆ. ಅದನ್ನು ತುಂಬಿಕೊಡುವುದು ಹೀಟರ್ ಪ್ಲಗ್, ಅಂದರೆ ಗ್ಲೋ ಪ್ಲಗ್. ಸಿಲಿಂಡರಿಗೆ ಒಂದರಂತೆ ನಾಲ್ಕು. ಪ್ರತಿಯೊಂದರ ತುದಿ ಕೆಲವೇ ಸೆಕೆಂಡಿನಲ್ಲಿ ಕೆಂಡವಾಗಬೇಕು. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಸ್ಪ್ರಿಂಗಿನಂತೆ ಹಳದಿ ದೀಪ ಹತ್ತುತ್ತದಲ್ಲ, ಅದು ಇವುಗಳದ್ದೇ. ಆದರೆ ದೀಪ ಹತ್ತಿ ಆರಿತು ಎಂದರೆ ಪ್ಲಗ್ ಕಾದಿದೆ ಎಂದು ನಂಬಬೇಡಿ. ಹಲವು ಕಾರುಗಳಲ್ಲಿ ಅದು ಬರೀ ಸಮಯ ಎಣಿಸುವ ದೀಪ.

ಒಂದು ಸಾದಾ ಮಲ್ಟಿಮೀಟರ್ ತನ್ನಿ. ಮೊದಲು ಬ್ಯಾಟರಿ: ರಾತ್ರಿ ನಿಂತ ಮೇಲೆ 12.4 ವೋಲ್ಟಿಗಿಂತ ಮೇಲಿರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ನಂತರ ಕೀ ಆಫ್ ಮಾಡಿ ನಾಲ್ಕೂ ಪ್ಲಗ್‌ಗಳ ಕ್ಯಾಪ್ ಎಳೆದು ತೆಗೆಯಿರಿ. ಮೀಟರನ್ನು ಓಮ್‌ಗೆ ಇಟ್ಟು ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಎಷ್ಟು ತೋರಿಸುತ್ತದೋ ಬರೆದಿಟ್ಟುಕೊಳ್ಳಿ. ಅದು ಮೀಟರಿನ ತಂತಿಯ ಲೆಕ್ಕ, ಕೊನೆಗೆ ಕಳೆಯಬೇಕು. ಈಗ ಒಂದು ಕಡ್ಡಿ ಪ್ಲಗ್ಗಿನ ತುದಿಗೆ, ಇನ್ನೊಂದು ಇಂಜಿನ್ನಿನ ಬರಿಯ ಲೋಹಕ್ಕೆ. ಚೆನ್ನಾಗಿರುವ ಪ್ಲಗ್ ಒಂದು ಓಮ್ ಆಸುಪಾಸು ತೋರಿಸುತ್ತದೆ. ಸುಟ್ಟುಹೋದದ್ದು ಏನನ್ನೂ ತೋರಿಸುವುದಿಲ್ಲ.

ನೌಬಾದ್ ನಿವಾಸಿ:

ಚೌಬಾರದ ಹತ್ತಿರ 350 ರೂಪಾಯಿಗೆ ಮೀಟರ್ ತಂದೆ. ಬ್ಯಾಟರಿ 12.6, ಸೆಲ್ಫ್ ಹೊಡೆಯುವಾಗ 10.4. ಮೀಟರಿನ ತಂತಿ ಕಳೆದು ಪ್ಲಗ್‌ಗಳ ಲೆಕ್ಕ: ಮೊದಲನೆಯದು 0.8, ನಾಲ್ಕನೆಯದು 0.9. ನಡುವಿನ ಎರಡಕ್ಕೂ ಮೀಟರ್ ಅಲುಗಲೇ ಇಲ್ಲ. ಮೂರು ಸಲ ಉಜ್ಜಿ ಉಜ್ಜಿ ನೋಡಿದೆ. ಸತ್ತಿವೆ.

ಗ್ಯಾರೇಜಿನಲ್ಲಿ ಕೇಳಿದರೆ, ಪ್ಲಗ್ ಯಾಕೆ, ಬೆಳಿಗ್ಗೆ ಗಾಳಿಯ ಪೈಪಿಗೆ ಸ್ಪ್ರೇ ಹೊಡೆದರೆ ಮುಗಿಯಿತು ಎನ್ನುತ್ತಾರೆ. ಹಾಗೆ ಮಾಡಬಹುದೇ?

ಹುಮನಾಬಾದ್ ಡೀಸೆಲ್:

ಬೇಡ, ಕೈಮುಗಿಯುತ್ತೇನೆ. ಆ ಸ್ಪ್ರೇ ಈಥರ್. ಉಳಿದ ಎರಡು ಪ್ಲಗ್ ಒಳಗೆ ಕೆಂಡದಂತೆ ಕಾದಿರುವಾಗ ಅದನ್ನು ಹೊಡೆದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿಯುತ್ತದೆ. ಹಾಗೆ ಮಾಡಿ ಕನೆಕ್ಟಿಂಗ್ ರಾಡ್ ಬಗ್ಗಿದ ಇಂಜಿನ್ನನ್ನು ಈ ಕೈಯಲ್ಲೇ ಬಿಚ್ಚಿದ್ದೇನೆ. ಹಳೆಯ ಜೀಪುಗಳಿಗೆ ಮಾಡುತ್ತಿದ್ದಂತೆ ಗಾಳಿಯ ಪೈಪಿನ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದೂ ಬೇಡ. ಏರ್ ಫಿಲ್ಟರ್ ಕಾಗದದ್ದು, ಹತ್ತಿಕೊಂಡರೆ ಕಾರೇ ಹೋಗುತ್ತದೆ.

ನಾಲ್ಕೂ ಪ್ಲಗ್ ಬದಲಾಯಿಸಿ. ಎರಡು ಸತ್ತಿದ್ದರೆ ಉಳಿದೆರಡೂ ಅಷ್ಟೇ ವಯಸ್ಸಿನವು. ಹಳೆಯದರ ಮೈಮೇಲಿನ ನಂಬರ್ ಮತ್ತು ವೋಲ್ಟ್ ಓದಿ ಅದೇ ತನ್ನಿ. ಕೆಲವು ಹೊಸ ಕಾರುಗಳ ಪ್ಲಗ್ 12 ವೋಲ್ಟಿನದಲ್ಲ, ಅದಕ್ಕೆ ನೇರವಾಗಿ ಬ್ಯಾಟರಿ ತಂತಿ ಹಿಡಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಬಿಚ್ಚುವ ಕೆಲಸದಲ್ಲಿ ಮಾತ್ರ ಅವಸರ ಬೇಡ. 1,38,000 ಕಿಲೋಮೀಟರಿನ ಮಸಿ ಸುತ್ತಲೂ ಕಟ್ಟಿರುತ್ತದೆ. ಹಿಂದಿನ ದಿನವೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮರುದಿನ ಇಂಜಿನ್ನನ್ನು ಚೆನ್ನಾಗಿ ಬಿಸಿ ಮಾಡಿ ಆಮೇಲೆ ಕೈ ಹಾಕಲಿ. ಪಾನಾ ಚಿಕ್ಕದಿರಲಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ವಾಪಸ್ ತಿರುಗಿಸಿ, ಮತ್ತೆ ಬಿಚ್ಚಬೇಕು. ಬಿಗಿಯಾಯಿತೆಂದು ಉದ್ದ ಪೈಪ್ ಹಾಕಿ ಎಳೆದರೆ ಪ್ಲಗ್ ಒಳಗೇ ಮುರಿಯುತ್ತದೆ, ಆಗ ಸಿಲಿಂಡರ್ ಹೆಡ್ ಇಳಿಸಬೇಕಾಗಿ ಬರಬಹುದು. ಮೇಸ್ತ್ರಿಗೆ ಇದನ್ನು ಎದುರಿಗೆ ನಿಂತು ಹೇಳಿ. ಸಂಕೋಚ ಪಡಬೇಡಿ.

ನೌಬಾದ್ ನಿವಾಸಿ:

ಬೇರೆ ಗ್ಯಾರೇಜಿಗೆ ಹೋದೆ. ವಯಸ್ಸಾದ ಮೇಸ್ತ್ರಿ, ಒಂದೂ ಮುರಿಯದೆ ನಾಲ್ಕನ್ನೂ ತೆಗೆದರು. ಎರಡನೆಯದರ ತುದಿ ಊದಿಕೊಂಡು ಸೀಳಿತ್ತು. ಪ್ಲಗ್‌ಗಳಿಗೆ 2,600, ಕೂಲಿ 600.

ಆದರೆ ಪೂರ್ತಿ ಗುಣವಾಗಿಲ್ಲ. ಮೊದಲು ನಾಲ್ಕು ಸಲ ಹೊಡೆಯಬೇಕಿತ್ತು, ಈಗ ಒಂದೇ ಸಲಕ್ಕೆ ಏಳುತ್ತದೆ, ಆದರೆ ಏಳೆಂಟು ಸೆಕೆಂಡು ಬೇಕು. ಬಿಳಿ ಹೊಗೆಯೂ ಸ್ವಲ್ಪ ಉಳಿದಿದೆ. ಹೊಸ ಪ್ಲಗ್ ನಕಲಿಯೇ? ಅಥವಾ ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತುವ ಶಕ್ತಿ, ಹೋಗಿದೆಯೇ?

ಹುಮನಾಬಾದ್ ಡೀಸೆಲ್:

ಕಂಪ್ರೆಶನ್ ಎಂಬ ಮಾತಿಗೆ ಈಗಲೇ ಹೋಗಬೇಡಿ. ಅರ್ಧ ಗುಣವಾಗಿದೆ ಎಂದರೆ ದಾರಿ ಸರಿಯಾಗಿದೆ. ಪ್ಲಗ್ ಹೊಸದು, ಅದಕ್ಕೆ ಊಟ ಸರಿಯಾಗಿ ಸಿಗುತ್ತಿದೆಯೇ ಎಂದು ನೋಡಬೇಕು.

ಇದನ್ನು ಬೆಳಿಗ್ಗೆ ತಣ್ಣನೆಯ ಇಂಜಿನ್ನಿನಲ್ಲೇ ಮಾಡಿ, ಬಿಸಿ ಇದ್ದರೆ ರಿಲೇ (ಪ್ಲಗ್‌ಗಳಿಗೆ ಕರೆಂಟ್ ಬಿಡುವ ಸ್ವಿಚ್ಚು) ಕರೆಂಟನ್ನೇ ಬಿಡದಿರಬಹುದು. ಪ್ಲಗ್ಗಿನ ಕ್ಯಾಪನ್ನು ಪೂರ್ತಿ ತೆಗೆಯದೆ, ಮೀಟರಿನ ಕಡ್ಡಿ ತಾಗುವಷ್ಟು ಮಾತ್ರ ಮೇಲಕ್ಕೆ ಎಳೆದಿಡಿ. ಇದು ಬಹಳ ಮುಖ್ಯ. ಕ್ಯಾಪ್ ಬಿಚ್ಚಿ ಅಳೆದರೆ ತುಂಡಾಗುವಂತಿರುವ ತಂತಿಯೂ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಪ್ಲಗ್ ಕರೆಂಟ್ ಎಳೆಯುತ್ತಿರುವಾಗ ಎಷ್ಟು ಉಳಿಯುತ್ತದೆ ಎಂಬುದೇ ನಿಜವಾದ ಲೆಕ್ಕ. ನಿಮ್ಮ ತಮ್ಮ ಕೀ ಆನ್ ಮಾಡಲಿ, ಸೆಲ್ಫ್ ಬೇಡ. ಅದೇ ಸಮಯಕ್ಕೆ ಬ್ಯಾಟರಿಯಲ್ಲಿ ಎಷ್ಟಿದೆ, ಪ್ಲಗ್ಗಿನಲ್ಲಿ ಎಷ್ಟಿದೆ ಎರಡನ್ನೂ ಬರೆಯಿರಿ.

ನೌಬಾದ್ ನಿವಾಸಿ:

ಬ್ಯಾಟರಿಯಲ್ಲಿ 12.1. ಪ್ಲಗ್ಗಿನಲ್ಲಿ 8.9! ನಾಲ್ಕರಲ್ಲೂ ಅಷ್ಟೇ.

ಹುಮನಾಬಾದ್ ಡೀಸೆಲ್:

ಸಿಕ್ಕಿತು. 3.2 ವೋಲ್ಟ್ ದಾರಿಯಲ್ಲೇ ಸೋರುತ್ತಿದೆ. ಪ್ಲಗ್ ಕೊಡುವ ಶಾಖ ವೋಲ್ಟಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 12.1ರ ಜಾಗದಲ್ಲಿ 8.9 ಬಂದರೆ ಶಾಖ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತೆ. ನಾಲ್ಕಕ್ಕೂ ಒಂದೇ ಲೆಕ್ಕ ಬಂದಿರುವುದರಿಂದ ತೊಂದರೆ ನಾಲ್ಕಕ್ಕೂ ಒಂದೇ ಆದ ಜಾಗದಲ್ಲಿದೆ: ಬ್ಯಾಟರಿಯಿಂದ ಹೀಟರ್ ರಿಲೇಗೆ ಬರುವ ದಪ್ಪ ತಂತಿ, ಅದರ ದೊಡ್ಡ ಫ್ಯೂಸ್, ರಿಲೇಯ ಕನೆಕ್ಟರ್, ಅಥವಾ ಇಂಜಿನ್ನಿನಿಂದ ಬ್ಯಾಟರಿಗೆ ಕರೆಂಟ್ ವಾಪಸ್ ಹೋಗುವ ಅರ್ಥ್ ಪಟ್ಟಿ. ಸೆಲ್ಫಿನ ಕರೆಂಟೂ ಆ ಪಟ್ಟಿಯಲ್ಲೇ ಹೋಗುತ್ತದೆ, ನಿಮ್ಮ ಸೆಲ್ಫ್ ಜೋರಾಗಿ ತಿರುಗುವುದರಿಂದ ಅರ್ಥ್ ಮೇಲೆ ನನಗೆ ಅನುಮಾನ ಕಡಿಮೆ. ನಾಲ್ಕು ಪ್ಲಗ್ ಸೇರಿ 40 ಆಂಪಿಯರ್ ಆಸುಪಾಸು ಎಳೆಯುತ್ತವೆ. ಅಷ್ಟು ಕರೆಂಟಿನಲ್ಲಿ 3 ವೋಲ್ಟ್ ಒಂದೇ ಜಾಗದಲ್ಲಿ ಬಿದ್ದರೆ ಆ ಜಾಗ ಸುಡುತ್ತಿರಬೇಕು. ಪರೀಕ್ಷೆ ಮುಗಿದು ಕೀ ಆಫ್ ಮಾಡಿದ ಕೂಡಲೇ ಕನೆಕ್ಟರುಗಳನ್ನು ಹೊರಗಿನಿಂದ ಮುಟ್ಟಿ ನೋಡಿ. ಬಿಸಿ ಎಲ್ಲಿದೆಯೋ ರೋಗ ಅಲ್ಲಿದೆ.

ನೌಬಾದ್ ನಿವಾಸಿ:

ರಿಲೇಗೆ ಬರುವ ದಪ್ಪ ಕೆಂಪು ತಂತಿಯ ಕನೆಕ್ಟರ್ ಬೆರಳಿಡಲಾಗದಷ್ಟು ಬಿಸಿ ಇತ್ತು. ಬ್ಯಾಟರಿಯ ತಂತಿ ಕಳಚಿ ಅದನ್ನು ಎಳೆದು ನೋಡಿದರೆ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿತ್ತು. ಒಳಗಿನ ಹಿತ್ತಾಳೆ ಕ್ಲಿಪ್ ಸಡಿಲವಾಗಿ, ಮೇಲೆ ಹಸಿರು ಕಿಲುಬು. ಪ್ಲಗ್ ಬದಲಾಯಿಸಿದ ಅದೇ ಮೇಸ್ತ್ರಿಯ ಬಳಿಗೆ ಹೋದೆ. ತಂತಿಯನ್ನು ಒಂದು ಇಂಚು ಕತ್ತರಿಸಿ, ತಾಮ್ರ ಹೊಳೆಯುವವರೆಗೆ ಉಜ್ಜಿ, ಹೊಸ ಕ್ಲಿಪ್ ಒತ್ತಿ ಕೂರಿಸಿದರು. 150 ರೂಪಾಯಿ.

ಈಗ ಪ್ಲಗ್ಗಿನಲ್ಲಿ 11.6 ಬರುತ್ತಿದೆ.

ಇಂದು ಬೆಳಿಗ್ಗೆ ಮೊಬೈಲ್ 9 ಡಿಗ್ರಿ ತೋರಿಸುತ್ತಿತ್ತು, ಗಾಜಿನ ಮೇಲೆಲ್ಲ ಇಬ್ಬನಿ. ಹಳದಿ ದೀಪ ಆರುವವರೆಗೆ ಕಾದು, ಕೀ ತಿರುಗಿಸಿದೆ. ಇಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಹಿಡಿಯಿತು. ನಡುಕವಿಲ್ಲ, ತಮ್ಮ ಹಿಂದೆ ನಿಂತು ಹೊಗೆ ಇಲ್ಲ ಎಂದು ಕೈಯಾಡಿಸಿದ. ಅವ್ವ ಮೆಟ್ಟಿಲ ಮೇಲೆ ಕೂರಲೇ ಇಲ್ಲ, ನೇರವಾಗಿ ಬಂದು ಕಾರಿನಲ್ಲಿ ಕುಳಿತರು. ಏಳಕ್ಕೆ ಹತ್ತು ನಿಮಿಷ ಮೊದಲೇ ಆಸ್ಪತ್ರೆಯಲ್ಲಿದ್ದೆವು. ಅಣ್ಣಾ, ನಿಮಗೂ ಭಾಲ್ಕಿಯ ಅಣ್ಣನಿಗೂ ಶರಣು ಶರಣಾರ್ಥಿ.

ಭಾಲ್ಕಿ ರೈತ:

ಬಹಳ ಸಂತೋಷವಾಯಿತು. ಅವ್ವನವರ ಆರೋಗ್ಯ ನೋಡಿಕೊಳ್ಳಿ.

ಹುಮನಾಬಾದ್ ಡೀಸೆಲ್:

ಹಳೆಯ ಬ್ಯಾಟರಿ ಇನ್ನೂ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ಅಳೆಯಿರಿ. 12.4ರ ಮೇಲೆ ನಿಂತರೆ ಇಲ್ಲಿ ಬರೆಯಿರಿ, ಅದನ್ನು ಎಲ್ಲಿ ಬಳಸಬಹುದು ಎಂದು ನೋಡೋಣ.