ಪದಚರ್ಚೆ: ‘ಆಟೋಆಂಟಿಬಾಡಿ’ಗೆ ‘ಸ್ವಯಂ ಪ್ರತಿಕಾಯ’ ಸರಿಯೇ?

ಗೆಳೆಯರೇ,

ರುಮಟಾಯ್ಡ್ ಸಂಧಿವಾತದ ರೋಗಿಗಳು ಓದಲೆಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಆಂಟಿಬಾಡಿ’ಗೆ ‘ಪ್ರತಿಕಾಯ’ ನೆಲೆಯೂರಿದೆ, ಅದರ ಬಗ್ಗೆ ತಕರಾರಿಲ್ಲ. ತೊಡಕು ‘ಆಟೋಆಂಟಿಬಾಡಿ’ಯದು.

‘ಸ್ವಯಂ ಪ್ರತಿಕಾಯ’ ಎಂದೊಡನೆ ಸ್ವಯಂಚಾಲಿತ, ಸ್ವಯಂಸೇವಕ ನೆನಪಾಗಿ, ತಾನಾಗಿಯೇ ಹುಟ್ಟಿಕೊಂಡದ್ದು ಎಂಬ ಅರ್ಥ ಹೊಳೆಯುತ್ತದೆ. ಹೇಳಬೇಕಾದದ್ದು ಬೇರೆ: ರೋಗಾಣುವಿನ ಮೇಲೆ ಎರಗಬೇಕಾದ ಪ್ರತಿಕಾಯ ಸ್ವಂತ ದೇಹದ ಮೇಲೆಯೇ ತಿರುಗಿಬಿದ್ದಿದೆ. ‘ಸ್ವಪ್ರತಿಕಾಯ’ ಚಿಕ್ಕದೇನೋ ಹೌದು, ಆದರೆ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳೆಲ್ಲವೂ ನಮ್ಮವೇ ಅಲ್ಲವೇ? ‘ಸ್ವಘಾತಕ’ ಎನ್ನಲು ಮನಸ್ಸೊಪ್ಪದು. ಏಕೆಂದರೆ ಕೀಲು ಊದಿಕೊಳ್ಳುವ ಎಷ್ಟೋ ವರ್ಷಗಳ ಮೊದಲೇ ಈ ಪ್ರತಿಕಾಯಗಳು ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಕಾಣಿಸಿಕೊಂಡವರಿಗೆಲ್ಲ ರೋಗ ಬರುವುದೂ ಇಲ್ಲ. ಸದ್ಯಕ್ಕೆ ನನ್ನ ಒಲವು ‘ಸ್ವವಿರೋಧಿ ಪ್ರತಿಕಾಯ’ದ ಕಡೆಗೆ.

ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ‘ರುಮಟಾಯ್ಡ್ ಫ್ಯಾಕ್ಟರ್’. 1940ರಲ್ಲಿ ನಾರ್ವೆಯ ಎರಿಕ್ ವಾಲರ್ ವರದಿ ಮಾಡಿದ ಇದು, ಪ್ರತಿಕಾಯದ ಬಾಲಕ್ಕೇ ಅಂಟಿಕೊಳ್ಳುವ ಇನ್ನೊಂದು ಪ್ರತಿಕಾಯ. ಇದನ್ನು ‘ಸಂಧಿವಾತದ ಅಂಶ’ ಎಂದರೆ ಅಪಾಯವಿದೆ. ಸಕ್ಕರೆಯ ಅಂಶ, ಕೊಬ್ಬಿನ ಅಂಶ ಎಂದು ಓದಿ ರೂಢಿಯಾದ ಕಣ್ಣಿಗೆ ‘ರಕ್ತದಲ್ಲಿ ಸಂಧಿವಾತದ ಅಂಶ ಕಂಡುಬಂದಿದೆ’ ಎಂಬ ಸಾಲು ರೋಗವೇ ಬಂದಿದೆ ಎಂದು ಹೇಳಿಬಿಡುತ್ತದೆ. ಹೆಪಟೈಟಿಸ್ ಸಿ, ಕ್ಷಯ, ಕುಷ್ಠ ಇದ್ದವರಲ್ಲೂ, ಏನೂ ಕಾಯಿಲೆಯಿಲ್ಲದ ಕೆಲವು ಹಿರಿಯರಲ್ಲೂ ಈ ಪರೀಕ್ಷೆ ಪಾಸಿಟಿವ್ ಬರುತ್ತದೆ. ರೋಗವಿದ್ದೂ ನೆಗೆಟಿವ್ ಬರುವವರು ಬೇರೆ. 2010ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ರೋಗವನ್ನು ಖಚಿತಪಡಿಸಲು 10ರಲ್ಲಿ 6 ಅಂಕ ಬೇಕು. ಪ್ರತಿಕಾಯಗಳಿಗೆ ಸಿಗುವುದು ಹೆಚ್ಚೆಂದರೆ 3. ಬಾತ ಕೀಲುಗಳೆಷ್ಟು, ನೋವು ಆರು ವಾರ ದಾಟಿದೆಯೇ, ರಕ್ತದಲ್ಲಿ ಉರಿಯೂತದ ಗುರುತುಗಳಿವೆಯೇ ಎಂದೆಲ್ಲ ವೈದ್ಯರು ನೋಡಲೇಬೇಕು. ಅಷ್ಟನ್ನು ಒಂದೇ ಪದದ ತಲೆಗೆ ಕಟ್ಟಲಾಗದು ನಿಜ, ಆದರೆ ಪದ ದಾರಿ ತಪ್ಪಿಸಬಾರದು.

‘ಆಂಟಿ-ಸಿಸಿಪಿ’ಯನ್ನು (ಸಿಟ್ರುಲಿನ್ ಇರುವ ಪ್ರೋಟೀನ್ ತುಣುಕುಗಳ ಮೇಲೆ ಎರಗುವ ಪ್ರತಿಕಾಯವನ್ನು ಹುಡುಕುವ ರಕ್ತಪರೀಕ್ಷೆ) ಹಾಗೆಯೇ ಇಟ್ಟುಕೊಂಡಿದ್ದೇನೆ. ಅದು ರುಮಟಾಯ್ಡ್ ಫ್ಯಾಕ್ಟರ್‌ಗಿಂತ ನಿಖರವಾದ ಪರೀಕ್ಷೆ. ಆ ಹೆಸರಿನಲ್ಲಿ ಅಡಗಿರುವ ‘ಸಿಟ್ರುಲಿನ್’ ಎಂಬ ಅಮೈನೋ ಆಮ್ಲವನ್ನು ನಿಂಬೆಹುಳಿಯೊಂದಿಗೆ ಜೋಡಿಸುವವರಿದ್ದಾರೆ. ಹೆಸರು ಬಂದದ್ದು ಕಲ್ಲಂಗಡಿಯ ಲ್ಯಾಟಿನ್ ಹೆಸರಿನಿಂದ.

ಹಾಗಾದರೆ ‘ಫ್ಯಾಕ್ಟರ್’ಗೆ ಇಲ್ಲಿ ‘ಸೂಚಕ’ ಹೊಂದುತ್ತದೆಯೇ, ಅಥವಾ ‘ರುಮಟಾಯ್ಡ್ ಫ್ಯಾಕ್ಟರ್’ ಎಂದೇ ಉಳಿಸುವುದು ಲೇಸೇ? ಪ್ರಯೋಗಾಲಯಗಳಲ್ಲಿ ದುಡಿಯುವವರು, ರೋಗಿಗಳಿಗೆ ವರದಿ ಓದಿ ಹೇಳುವವರು ತಾವು ಬಳಸುವ ಮಾತನ್ನು ತಿಳಿಸಿದರೆ ಉಪಕಾರವಾಗುತ್ತದೆ.