‘ದಿ ಎಕ್ಸ್‌ಚೇಂಜ್’ ಆಡಿಯೋಬುಕ್: ಕೋರ್ಟೇ ಇಲ್ಲದ ಕೋರ್ಟ್ ಕಥೆ. ಮುಗಿಸಲೋ, ಬಿಡಲೋ?

ಸ್ಟೆನೋ ಅಕ್ಕ (ದಾವಣಗೆರೆ):

ಜಾನ್ ಗ್ರಿಶಮ್ ಅವರ ‘ದಿ ಎಕ್ಸ್‌ಚೇಂಜ್’ ಕೇಳಿದವರು ಇಲ್ಲಿ ಯಾರಾದರೂ ಇದ್ದೀರಾ? ಓದಿದವರಲ್ಲ, ಕೇಳಿದವರು. ನನಗೆ ಇನ್ನೂ ಮೂರನೇ ಒಂದು ಭಾಗ ಬಾಕಿ ಇದೆ. ಮುಂದಕ್ಕೆ ಹೋಗಲು ಮನಸ್ಸೇ ಬರುತ್ತಿಲ್ಲ. (ಕಥೆಯ ಗುಟ್ಟು ಕೆಳಗೆ ಸ್ವಲ್ಪ ಬರುತ್ತದೆ. ಬೇಡ ಅನ್ನುವವರು ಇಲ್ಲೇ ನಿಲ್ಲಿಸಿ.)

ಇದು 1991ರ ‘ದಿ ಫರ್ಮ್’ ಕಾದಂಬರಿಯ ಮುಂದಿನ ಭಾಗ. 2023ರ ಅಕ್ಟೋಬರ್‌ನಲ್ಲಿ ಬಂತು. ‘ದಿ ಫರ್ಮ್’ ನಿಮಗೆ ನೆನಪಿರಬಹುದು. ಹಾರ್ವರ್ಡ್‌ನಲ್ಲಿ ಕಾನೂನು ಓದಿದ ಬಡ ಹುಡುಗ ಮಿಚ್ ಮೆಕ್‌ಡೀರ್ ಮೆಂಫಿಸ್‌ನ ಒಂದು ಕಂಪನಿ ಸೇರುತ್ತಾನೆ. ಕಾರು, ಮನೆ, ದೊಡ್ಡ ಸಂಬಳ. ಆಮೇಲೆ ನೋಡಿದರೆ ಆ ಕಂಪನಿ ಶಿಕಾಗೋದ ಮಾಫಿಯಾದ್ದು. 1993ರಲ್ಲಿ ಟಾಮ್ ಕ್ರೂಸ್ ಸಿನಿಮಾನೂ ಬಂತು. ನಾನು ಆ ಪುಸ್ತಕವನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಅಡುಗೆ ಮನೆಯಲ್ಲಿ ನಿಂತುಕೊಂಡೇ ಓದಿದವಳು. ಸಾರು ಉಕ್ಕಿದ್ದೂ ಗೊತ್ತಾಗಿರಲಿಲ್ಲ.

ಈಗ ಗ್ಲಾಕೋಮಾ. ಅಕ್ಷರ ಹಿಡಿಯೋದು ಕಷ್ಟ. ಹಾಗಾಗಿ ಎಲ್ಲಾ ಕಿವಿಯಿಂದಲೇ. ಮಿಚ್ ಮತ್ತೆ ಬರ್ತಾನೆ ಅಂತ ಗೊತ್ತಾದಾಗ ಎಷ್ಟು ಖುಷಿಪಟ್ಟಿದ್ದೆ ಅಂದರೆ, ಮಗಳು ತಂದುಕೊಟ್ಟ ಹೊಸ ಇಯರ್‌ಫೋನನ್ನು ಇದಕ್ಕೇ ಅಂತ ಎತ್ತಿಟ್ಟಿದ್ದೆ.

ಶುರು ಚೆನ್ನಾಗಿಯೇ ಇದೆ. 2005ನೇ ಇಸವಿ. ಮಿಚ್ ಈಗ ನ್ಯೂಯಾರ್ಕಿನ ದೈತ್ಯ ಲಾ ಫರ್ಮ್‌ನಲ್ಲಿ ಪಾಲುದಾರ. ಅವಳಿ ಗಂಡುಮಕ್ಕಳು. ಮೆಂಫಿಸ್‌ನಲ್ಲಿ ಗಲ್ಲು ಶಿಕ್ಷೆಯ ಒಬ್ಬ ಕೈದಿಯ ಕೇಸು ಪುಕ್ಕಟೆಯಾಗಿ ನೋಡು ಅಂತ ಅವನನ್ನು ಕಳಿಸುತ್ತಾರೆ. ಹಳೇ ಊರು, ಹಳೇ ಶತ್ರುಗಳು. ನಾನು ಕುರ್ಚಿ ಎಳೆದು ಕೂತೆ. ಅಷ್ಟರಲ್ಲಿ ಆ ಕೈದಿ ಸತ್ತೇ ಹೋಗುತ್ತಾನೆ! ಮಿಚ್ ಅವನ ಮುಖವನ್ನೂ ನೋಡಿರುವುದಿಲ್ಲ. ಕೇಸು ಬಂದ್. ಮೆಂಫಿಸ್ ಬಂದ್. ಕಥೆ ರೋಮ್‌ಗೆ, ಅಲ್ಲಿಂದ ಲಿಬಿಯಾಕ್ಕೆ ಹಾರುತ್ತದೆ.

ಲಿಬಿಯಾದಲ್ಲಿ ಟರ್ಕಿಯ ಕಂಪನಿಯೊಂದು ಗಡಾಫಿಗಾಗಿ ಮರಳುಗಾಡಿನಲ್ಲಿ ದೊಡ್ಡ ಸೇತುವೆ ಕಟ್ಟಿದೆ. ಸರ್ಕಾರ ದುಡ್ಡು ಕೊಟ್ಟಿಲ್ಲ. ಮಿಚ್ ಆ ಕಂಪನಿಯ ವಕೀಲ. ಸೇತುವೆ ನೋಡಲು ಹೋದ ಜಿಯೋವಾನಾ ಅನ್ನುವ ಕಿರಿಯ ವಕೀಲೆಯನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ. ಬಿಡಿಸಲು 10 ಕೋಟಿ ಡಾಲರ್ ಬೇಕು. ಕೇಳೋಕೆ ಜೋರಾಗಿದೆ ಅಲ್ವಾ? ಆದರೆ ಅವಳನ್ನು ಎತ್ತಿಕೊಂಡು ಹೋಗುವಾಗ ನಮ್ಮ ನಾಯಕ ಎಲ್ಲಿ? ಟ್ರಿಪೋಲಿಯಲ್ಲಿ, ಹೊಟ್ಟೆ ಕೆಟ್ಟು ಮಲಗಿದ್ದಾನೆ. ಅವನಿಗೂ ಸುದ್ದಿ ಬೇರೆಯವರ ಬಾಯಿಂದ. ನನಗೂ ಅವನ ಬಾಯಿಂದ.

ನನಗೆ ಚುಚ್ಚಿದ್ದು ಇದೇ. ನಾನು ಜಿಲ್ಲಾ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು. ಸೆಷನ್ಸ್ ಕೇಸಿನಲ್ಲಿ ಸಾಕ್ಷಿ ಹೇಳಿದ್ದನ್ನು ಸಾಮಾನ್ಯವಾಗಿ ಪ್ರಶ್ನೆ–ಉತ್ತರದ ರೂಪದಲ್ಲಿ ಬರೆಯೋದಿಲ್ಲ. ಸಾಕ್ಷಿಯೇ ಒಂದೇ ಸಮ ಹೇಳಿಕೊಂಡು ಹೋದ ಹಾಗೆ ಬರೆಯುತ್ತಾರೆ. ಜಡ್ಜ್ ಸಾಹೇಬರು ಹೇಳೋರು, ನಾನು ಟೈಪ್ ಮಾಡುತ್ತಿದ್ದೆ. “ಆರೋಪಿ ನನ್ನ ಪಕ್ಕದ ಹೊಲದವನು. ಆ ದಿನ ನಾನು ಮನೆಯಲ್ಲಿದ್ದೆ. ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.” ಹಾಳೆಯಲ್ಲಿ ಇಷ್ಟೇ. ಆದರೆ ಆ ಕೊನೇ ಸಾಲು ಬರುವ ಮೊದಲು ರೂಮಿನಲ್ಲಿ ಏನೇನು ಆಗಿರುತ್ತಿತ್ತು! ವಕೀಲರು ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿರುತ್ತಿದ್ದರು. ಸಾಕ್ಷಿ ನೀರು ಕುಡಿದಿರುತ್ತಿದ್ದ. ಹಿಂದಿನ ಬೆಂಚಿನಲ್ಲಿ ಕೂತ ಅವನ ಹೆಂಡತಿ ಸೆರಗು ಹಿಂಡುತ್ತಿದ್ದಳು. ಎದುರು ಕಕ್ಷಿಯವರು ಎದ್ದು ನಿಂತು ಆಕ್ಷೇಪ ಎತ್ತಿದ ಮೇಲೆ ಎರಡು ನಿಮಿಷ ಗಲಾಟೆ. ಅದ್ಯಾವುದೂ ಹಾಳೆಗೆ ಬರುತ್ತಿರಲಿಲ್ಲ.

ಈ ಆಡಿಯೋಬುಕ್ ನನಗೆ ಆ ಹಾಳೆಯ ಥರ ಕೇಳಿಸುತ್ತಿದೆ. ಮಿಚ್ ವಿಮಾನ ಹತ್ತಿದ. ಹೋಟೆಲ್ ಸೇರಿದ. ಊಟಕ್ಕೆ ಇಂಥಿಂಥದು ತರಿಸಿದ. ಮೀಟಿಂಗ್ ಆಯಿತು, ಏನೂ ತೀರ್ಮಾನ ಆಗಲಿಲ್ಲ. ಪುಸ್ತಕ ಕೈಯಲ್ಲಿದ್ದರೆ ಇಂಥ ಪುಟಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗಬಹುದು. ಕಿವಿಗೆ ಆ ಸವಲತ್ತು ಇಲ್ಲ. ವೈನ್ ಹೆಸರೂ ಕೇಳಬೇಕು, ಹೋಟೆಲ್ ಹೆಸರೂ ಕೇಳಬೇಕು.

ನನ್ನ ಪ್ರಶ್ನೆ: ತಪ್ಪು ಪುಸ್ತಕದ್ದೋ, ಓದಿದ ಸ್ಕಾಟ್ ಬ್ರಿಕ್ ಅವರದ್ದೋ? ಮುಂದೆ ಕೋರ್ಟ್ ಏನಾದರೂ ಬರುತ್ತಾ? ಇಲ್ಲಾಂದ್ರೆ ನಿಜವಾದ ಕೋರ್ಟ್ ಇರುವ ಬೇರೆ ಯಾವುದಾದರೂ ಹೇಳಿ. ಅದೂ ಕೇಳೋದಕ್ಕೆ ಚೆನ್ನಾಗಿರಬೇಕು.

ಮೆಂಫಿಸ್ ಮಾವ:

ಅಕ್ಕಾ, ನಾನು ಇರೋದೇ ಮೆಂಫಿಸ್‌ನಲ್ಲಿ. ಫೆಡೆಕ್ಸ್‌ನ ಮುಖ್ಯ ಕಚೇರಿ ಇಲ್ಲೇ ಇರೋದರಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ನಮ್ಮವರು ಸಾಕಷ್ಟು ಜನ ಇದ್ದೇವೆ. ‘ದಿ ಫರ್ಮ್’ ಸಿನಿಮಾದ ಮಡ್ ಐಲ್ಯಾಂಡ್, ಪೀಬಡಿ ಹೋಟೆಲ್ ಎಲ್ಲಾ ಇಲ್ಲಿನವೇ. ಊರಿಂದ ಯಾರು ಬಂದರೂ ಮೊದಲು ಅಲ್ಲಿಗೇ ಕರ್ಕೊಂಡು ಹೋಗ್ತೀನಿ. ಹಾಗಾಗಿ ಮೆಂಫಿಸ್ ಅಷ್ಟು ಬೇಗ ಮಾಯ ಆಗಿದ್ದು ನಿಮಗಿಂತ ನನಗೆ ಜಾಸ್ತಿ ಉರಿಯಿತು! ಆ ಕೈದಿಯ ಕಥೆಯೊಂದೇ ಸಾಕಿತ್ತು, ಒಂದು ಇಡೀ ಪುಸ್ತಕಕ್ಕೆ.

ಗ್ರಿಶಮ್ ವಕೀಲಿಕೆ ಮಾಡಿದ ಸೌತ್‌ಹೇವನ್ ನಮ್ಮ ಊರಿಗೆ ಅಂಟಿಕೊಂಡೇ ಇದೆ. ಗಡಿ ದಾಟಿದರೆ ಆಯ್ತು, ಮಿಸ್ಸಿಸಿಪ್ಪಿ. ಅಲ್ಲಿನ ಜಿಲ್ಲಾ ಕೋರ್ಟಿನಲ್ಲಿ ಒಬ್ಬ ಚಿಕ್ಕ ಹುಡುಗಿ ಹೇಳಿದ ಸಾಕ್ಷಿಯನ್ನು ಕೂತು ಕೇಳಿದ್ದರಿಂದಲೇ ಅವರ ಮೊದಲ ಕಾದಂಬರಿ ‘ಎ ಟೈಮ್ ಟು ಕಿಲ್’ ಹುಟ್ಟಿದ್ದು. ಪ್ರಕಟ ಆಗಿದ್ದು 1989ರಲ್ಲಿ. ಅವರಿಗೂ ಕಥೆ ಬಂದದ್ದು ಕಿವಿಯಿಂದಲೇ ನೋಡಿ. ಅದರ ಆಡಿಯೋ ಓದಿರೋದು ಮೈಕೆಲ್ ಬೆಕ್. ಆತ ಮೆಂಫಿಸ್‌ನಲ್ಲೇ ಹುಟ್ಟಿದ ನಟ. ಈ ಕಡೆಯ ಜನ ಮಾತು ಎಳೆಯೋ ರೀತಿ, ನಡುನಡುವೆ ನಿಲ್ಲಿಸೋ ರೀತಿ, ಎಲ್ಲಾ ಗಂಟಲಲ್ಲೇ ಇದೆ. ಮೊದಲು ಅದನ್ನು ಕೇಳಿ. ಆದರೆ ಶುರುವಿನಲ್ಲೇ ಮಗುವಿನ ಮೇಲಿನ ಕ್ರೌರ್ಯ ಬರುತ್ತೆ. ಗಟ್ಟಿ ಮನಸ್ಸು ಮಾಡ್ಕೊಳ್ಳಿ.

ಇಲ್ಲಿ ಪಬ್ಲಿಕ್ ಲೈಬ್ರರಿ ಕಾರ್ಡ್ ಇದ್ದರೆ ಆಡಿಯೋಬುಕ್ ಫೋನಿನಲ್ಲೇ ಪುಕ್ಕಟೆ ಸಿಗುತ್ತೆ. ‘ಎಕ್ಸ್‌ಚೇಂಜ್’ಗೆ ನಾನು ಕೊಟ್ಟಿದ್ದು ಬರೀ ಕಾಯುವ ಸಮಯ. ದುಡ್ಡು ಕೊಟ್ಟವರ ಹೊಟ್ಟೆಯುರಿ ಇನ್ನೂ ಜಾಸ್ತಿ ಇರಬೇಕು.

ಬಾನುಲಿ (ಧಾರವಾಡ):

ಓದಿದವರ ಮೇಲೆ ತಪ್ಪು ಹಾಕಬೇಡಿ. ನಾನು ರೇಡಿಯೋ ನಾಟಕಗಳಲ್ಲಿ ಧ್ವನಿ ಕೊಟ್ಟವನು. ಒಬ್ಬನೇ ಕೂತು ಗಂಟೆಗಟ್ಟಲೆ ಓದೋದು ಎಂಥ ಕೆಲಸ ಅಂತ ಗೊತ್ತಿದೆ. ಸ್ಕಾಟ್ ಬ್ರಿಕ್ ಪ್ರತಿ ವಾಕ್ಯಕ್ಕೂ ತೂಕ ಕೊಟ್ಟು ಓದುತ್ತಾರೆ. ಕೆಲವರಿಗೆ ಅದು ಇಷ್ಟ, ಕೆಲವರಿಗೆ ಇಲ್ಲ. ಆದರೆ ‘ದಿ ಫರ್ಮ್’ನ ಪೂರ್ತಿ ಆವೃತ್ತಿ ಓದಿರೋದೂ ಅವರೇ. ಅಲ್ಲಿ ಅದೇ ಧ್ವನಿ ಕೇಳಿ ನನಗೆ ನಿದ್ದೆ ಹತ್ತಿರಲಿಲ್ಲ.

ವ್ಯತ್ಯಾಸ ಇರೋದು ಬರವಣಿಗೆಯಲ್ಲಿ. ಇಬ್ಬರು ಜಗಳ ಆಡುವ ಮಾತು ಕೊಟ್ಟರೆ ಓದುಗ ಎರಡು ಜೀವ ತುಂಬುತ್ತಾನೆ. ‘ಸಭೆ ಎರಡು ಗಂಟೆ ನಡೆಯಿತು, ಎಲ್ಲರೂ ಬೇಸರಗೊಂಡರು’ ಅಂತ ಬರೆದುಕೊಟ್ಟರೆ ಅವನು ಏನು ಮಾಡಬೇಕು? ಅಂಥ ವಾಕ್ಯಕ್ಕೆ ತೂಕ ಕೊಟ್ಟಷ್ಟೂ ಬೇಸರವೇ ಜಾಸ್ತಿ ಆಗುತ್ತೆ. ರೇಡಿಯೋದಲ್ಲಿ ಇಂಥ ಸ್ಕ್ರಿಪ್ಟ್ ಬಂದರೆ ನಮ್ಮ ಹಿರಿಯರು ಕೆಂಪು ಪೆನ್ನು ತೆಗೆಯುತ್ತಿದ್ದರು. “ಇದನ್ನ ಯಾರರೆ ಒಬ್ರ ಬಾಯಿಗೆ ಹಾಕ್ರೀ” ಅನ್ನೋರು.

ವೇಗ 1.25 ಮಾಡಿ ನೋಡಿ. ಕಥೆ ಸುಧಾರಿಸಲ್ಲ, ಹೋಟೆಲ್‌ಗಳು ಬೇಗ ಮುಗಿಯುತ್ತವೆ.

ಹೆದ್ದಾರಿ 48:

ನಾನೊಬ್ಬ ಬೇರೆ ಮಾತು ಹೇಳ್ತೀನಿ, ಬೈಬೇಡಿ. ನನಗೆ ಇಷ್ಟ ಆಯ್ತು. ಮೆಡಿಕಲ್ ರೆಪ್ ಕೆಲಸ. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಅಂತ ಸದಾ ಕಾರಿನಲ್ಲೇ ಇರೋನು. ಮಿಚ್‌ನ ಹೆಂಡತಿ ಅಬ್ಬಿಯನ್ನು ನ್ಯೂಯಾರ್ಕಿನಲ್ಲಿ ಒಬ್ಬ ಅಪರಿಚಿತ ಹೆಂಗಸು ಭೇಟಿ ಮಾಡಿ, ಅಪಹರಣ ಮಾಡಿದವರ ಕಡೆಯಿಂದ ಮಾತಾಡುವ ಜಾಗ ಇದೆಯಲ್ಲ? ಅಲ್ಲಿ ನಾನು ಇಳಿಯಬೇಕಾದ ಹಿರಿಯೂರು ದಾಟಿ ಹೋಗಿದ್ದೆ. ಅಡುಗೆ ಪುಸ್ತಕಗಳ ಸಂಪಾದಕಿ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರೋ ಹೆಂಗಸು, ಅವಳ ತಲೆ ಮೇಲೆ ಇಷ್ಟು ದೊಡ್ಡ ಭಾರ. ಚೆನ್ನಾಗೇ ಇದೆ. ‘ದಿ ಫರ್ಮ್’ ಓದದೇ ಕೇಳಿದ್ದಕ್ಕೆ ಹಾಗನ್ನಿಸಿತೋ ಏನೋ. ಅಕ್ಕಾ, ನೀವು ಮುಗಿಸಿ. ಇಷ್ಟು ದೂರ ಬಂದಿದ್ದೀರಿ.

ಕರಿಕೋಟು (ಬೆಂಗಳೂರು):

ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥಗಾರರ ಮುಂದೆ ನಡೆಯುವ ಕೇಸುಗಳ ವಕೀಲ ನಾನು. ಅಕ್ಕಾ, ನೀವು ಕಾಯುತ್ತಿರುವ ಕೋರ್ಟ್ ಬರುವುದಿಲ್ಲ. ಆ ಸೇತುವೆ ಕೇಸು ಇರೋದು ಮಧ್ಯಸ್ಥಿಕೆ ಮಂಡಳಿಯ ಮುಂದೆ. ಅಲ್ಲಿ ಜ್ಯೂರಿ ಇಲ್ಲ, ಗ್ಯಾಲರಿ ಇಲ್ಲ, ಕಟಕಟೆ ಇಲ್ಲ. ಸಾಕ್ಷಿಗಳ ಹೇಳಿಕೆ ಮೊದಲೇ ಬರಹದಲ್ಲಿ ಬಂದಿರುತ್ತೆ. ಪಾಟೀ ಸವಾಲು ಇರುತ್ತೆ, ಆದರೆ ಮುಚ್ಚಿದ ಬಾಗಿಲ ಹಿಂದೆ. ಹೆಚ್ಚಿನ ಯುದ್ಧ ಕಾಗದದಲ್ಲೇ.

ಆದರೂ ಲೇಖಕರು ಒಂದು ಅವಕಾಶ ಕಳೆದುಕೊಂಡರು ಅಂತ ನನಗೂ ಅನ್ನಿಸಿತು. ಅಪಹರಣ ಬಂದ ಮೇಲೆ ಆ ಕೇಸು ಬರೀ ಹಿನ್ನೆಲೆ ಆಗಿಬಿಡುತ್ತೆ. ನಿಜವಾಗಿ ಇಂಥ ಕೇಸುಗಳಲ್ಲಿ ಎಂಥ ರೋಚಕತೆ ಇದೆ ಗೊತ್ತಾ? ಲಿಬಿಯಾದ್ದೇ ತಗೊಳ್ಳಿ. ಕುವೈತಿನ ಅಲ್ ಖರಾಫಿ ಕಂಪನಿಗೆ ಟ್ರಿಪೋಲಿ ಹತ್ತಿರ ಕಡಲ ತೀರದಲ್ಲಿ ರೆಸಾರ್ಟ್ ಕಟ್ಟಲು ಜಾಗ ಕೊಟ್ಟು, ಆಮೇಲೆ ಯೋಜನೆ ರದ್ದು ಮಾಡಿದರು. 2013ರಲ್ಲಿ ಕೈರೋದ ಮಧ್ಯಸ್ಥಗಾರರು ಸುಮಾರು 93.5 ಕೋಟಿ ಡಾಲರ್ ಕೊಡಿ ಅಂದರು. ರೆಸಾರ್ಟ್ ಕಟ್ಟಿಯೇ ಇರಲಿಲ್ಲ! ಬಹುಪಾಲು ಮೊತ್ತ ಮುಂದೆ ಬರಬಹುದಾಗಿದ್ದ ಲಾಭದ ಲೆಕ್ಕ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನದ್ದೇ ಇದೆ. ಇಸ್ರೋದ ವ್ಯಾಪಾರ ಅಂಗ ಆಂಟ್ರಿಕ್ಸ್, ಮತ್ತೆ ದೇವಾಸ್ ಅನ್ನುವ ಖಾಸಗಿ ಕಂಪನಿ. 2005ರಲ್ಲಿ ಉಪಗ್ರಹದ ತರಂಗಾಂತರ ಬಳಸಲು ಒಪ್ಪಂದ. 2011ರಲ್ಲಿ ರದ್ದು. 2015ರಲ್ಲಿ ದೇವಾಸ್ ಪರ 56.25 ಕೋಟಿ ಡಾಲರ್ ತೀರ್ಪು. 2022ರಲ್ಲಿ ನಮ್ಮ ಸುಪ್ರೀಂ ಕೋರ್ಟು, ದೇವಾಸ್ ಹುಟ್ಟಿದ್ದೇ ವಂಚನೆಗಾಗಿ ಅಂತ ಕಂಪನಿಯನ್ನು ಮುಚ್ಚಿಸಿದ್ದನ್ನು ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟು ಆ 2015ರ ತೀರ್ಪನ್ನೇ ತಳ್ಳಿಹಾಕಿತು. ಅಷ್ಟಾದರೂ ಜಗಳ ಮುಗಿಯಲಿಲ್ಲ, ಅಮೆರಿಕದ ಕೋರ್ಟುಗಳಲ್ಲಿ ಮುಂದುವರಿಯಿತು. ಬಂದೂಕು ಒಂದೂ ಇಲ್ಲದೆ ಇಷ್ಟು ತಿರುವು! ಯಾರಾದರೂ ಇದನ್ನು ಸರಿಯಾಗಿ ಕಾದಂಬರಿ ಮಾಡಬೇಕು. ನಾನಂತೂ ಬರೆಯಲ್ಲ, ಕಕ್ಷಿದಾರರು ಓಡಿಹೋಗ್ತಾರೆ.

ನಿಮಗೆ ಕೋರ್ಟೇ ಬೇಕು ಅಂದರೆ ಗ್ರಿಶಮ್ ಅವರದ್ದೇ ‘ಸಿಕಮೋರ್ ರೋ’ ಕೇಳಿ. 2013ರದ್ದು. ಅದೂ ‘ಎ ಟೈಮ್ ಟು ಕಿಲ್’ನ ಮುಂದಿನ ಭಾಗವೇ. ಓದಿರೋದೂ ಮೈಕೆಲ್ ಬೆಕ್. ಒಬ್ಬ ಬಿಳಿಯ ಮುದುಕ ಸಾಯುವ ಮುಂಚೆ ಕೈಯಲ್ಲೇ ವಿಲ್ ಬರೆದು, ತನ್ನ ಆಸ್ತಿಯ ಬಹುಪಾಲನ್ನು ಮನೆಗೆಲಸದ ಕಪ್ಪು ಹೆಂಗಸಿಗೆ ಬಿಟ್ಟು ಹೋಗುತ್ತಾನೆ. ಮಕ್ಕಳಿಗೆ ಸೊನ್ನೆ. ಆಮೇಲೆ ಜ್ಯೂರಿ ಮುಂದೆ ಹೊಡೆದಾಟ.

ಸ್ಟೆನೋ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಹೆದ್ದಾರಿಯವರ ಮಾತಿಗೆ ಗೌರವ ಕೊಟ್ಟು, ಬಾನುಲಿಯವರ 1.25 ವೇಗದಲ್ಲಿ ಮುಗಿಸಿದೆ. ಅಬ್ಬಿಯ ಭಾಗ ಚೆನ್ನಾಗಿದೆ, ಒಪ್ಪಿದೆ. ಅವಳು ಬಂದಾಗಲೆಲ್ಲಾ ಯಾರೋ ಯಾರ ಹತ್ತಿರವೋ ನೇರವಾಗಿ ಮಾತಾಡುತ್ತಾರೆ. ಆದರೆ ಅಪಹರಣ ಮಾಡಿದವರು ಯಾರು ಅಂತ ಕೊನೆಗೂ ಸರಿಯಾಗಿ ಹೇಳುವುದಿಲ್ಲವಲ್ಲ! ಕೊನೇ ಭಾಗ ಪೂರ್ತಿ ದುಡ್ಡು ಹೊಂದಿಸುವ ಫೋನ್ ಕರೆಗಳು. ನಮ್ಮ ಕೋರ್ಟಿನಲ್ಲಿ ಆರೋಪಿ ಪತ್ತೆಯಾಗದ ಕೇಸಿಗೆ ‘ಸಿ ರಿಪೋರ್ಟ್’ ಹಾಕುತ್ತಿದ್ದರು. ಇದಕ್ಕೂ ಅದನ್ನೇ ಹಾಕಿ ಕಟ್ಟಿಟ್ಟಿದ್ದೇನೆ.

ಮೆಂಫಿಸ್ ಮಾವ, ‘ಎ ಟೈಮ್ ಟು ಕಿಲ್’ ಸದ್ಯಕ್ಕೆ ಬೇಡ. ಅಂಥ ಸಾಕ್ಷಿಗಳನ್ನು ಸರ್ವಿಸ್‌ನಲ್ಲಿ ಟೈಪ್ ಮಾಡಿದ್ದೇನೆ. ಅದು ಮತ್ತೆ ಕಿವಿಗೆ ಬೀಳುವುದು ಬೇಡ ಅನ್ನಿಸುತ್ತದೆ.

‘ಸಿಕಮೋರ್ ರೋ’ ಶುರು ಮಾಡಿದೆ. ಬೆಕ್ ಅವರ ಧ್ವನಿ ಭಾರಿ ಇಷ್ಟ ಆಯಿತು. ಒಬ್ಬೊಬ್ಬ ವಕೀಲನೂ ಬೇರೆ ಬೇರೆ ಮನುಷ್ಯ ಅಂತ ಧ್ವನಿಯಲ್ಲೇ ಗೊತ್ತಾಗುತ್ತದೆ. ಆದರೆ ಕರಿಕೋಟು ಅವರೇ, ಒಂದು ಅನುಮಾನ. ಆ ವಿಲ್‌ಗೆ ಸಾಕ್ಷಿ ಸಹಿಯೇ ಇಲ್ಲ. ನಮ್ಮಲ್ಲಿ ಇದು ಮೊದಲ ದಿನವೇ ಬಿದ್ದು ಹೋಗುತ್ತಿತ್ತು, ಅಲ್ವಾ?

ಕರಿಕೋಟು:

ನಮ್ಮಲ್ಲಿ ಬಿದ್ದು ಹೋಗುತ್ತೆ. ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಯುದ್ಧದಲ್ಲಿರುವ ಸೈನಿಕರಂಥವರಿಗೆ ಮಾತ್ರ ವಿನಾಯಿತಿ. ಮಿಸ್ಸಿಸಿಪ್ಪಿಯಲ್ಲಿ ಪೂರ್ತಿ ತನ್ನ ಕೈಬರಹದಲ್ಲೇ ಬರೆದು ಸಹಿ ಹಾಕಿದ್ದರೆ ಸಾಕ್ಷಿ ಇಲ್ಲದೆಯೂ ನಡೆಯುತ್ತೆ. ಹಾಗಾಗಿ ಅಲ್ಲಿ ಜಗಳ ಸಹಿಯ ಮೇಲಲ್ಲ. ಮುದುಕನ ಬುದ್ಧಿ ಸ್ಥಿಮಿತದಲ್ಲಿತ್ತಾ, ಆ ಹೆಂಗಸು ಒತ್ತಡ ಹಾಕಿ ಬರೆಸಿಕೊಂಡಳಾ ಅನ್ನೋದರ ಮೇಲೆ. ಇನ್ನು ಮುಂದೆ ಹೇಳಲ್ಲ, ಕೇಳಿ.

ಹೆದ್ದಾರಿ 48:

ಇದರ ಆಡಿಯೋ ಎಷ್ಟು ಉದ್ದ ಇದೆ ಅಕ್ಕಾ? ನಾಳೆ ಹುಬ್ಬಳ್ಳಿಗೆ ಹೊರಟಿದ್ದೇನೆ.

ಸ್ಟೆನೋ ಅಕ್ಕ:

ಹುಬ್ಬಳ್ಳಿಗೆ ಹೋಗಿ ಬಂದರೂ ಮುಗಿಯಲ್ಲ. ಡೌನ್‌ಲೋಡ್ ಮಾಡಿಕೊಂಡು ಹೊರಡಿ, ದಾರಿಯಲ್ಲಿ ನೆಟ್‌ವರ್ಕ್ ನಂಬಬೇಡಿ.